ಪಂಚಮಿಯ ಮದುವೆ, ಮೊಣಕಾಲುದ್ದ ಕೆಸರು

ಉಡುಪಿ ಜಿಲ್ಲೆಯ ಗಂಗೊಳ್ಳಿ ಅಳಿವೆಯ ಒಳಗೆ, ಐದು ಹೊಳೆಗಳು ಕೂಡುವಲ್ಲಿ ಚದುರಿ ಬಿದ್ದಿರುವ ಕುದ್ರುಗಳಲ್ಲಿ, ಅಂದರೆ ಹೊಳೆಯ ನಡುಗಡ್ಡೆಗಳಲ್ಲಿ, ಗೋಡೆ ಗಡಿಯಾರ ಇರುವುದು ಅಂದಕ್ಕೆ. ಹೊತ್ತು ಹೇಳುವುದು ಹೊಳೆ. ಆರು ತಾಸು ಭರತ, ಆರು ತಾಸು ಇಳಿತ, ಮೇಲೊಂದಿಷ್ಟು ನಿಮಿಷ ಬಾಕಿ. ಆ ಬಾಕಿಯೆಲ್ಲ ಸೇರಿ ನಾಳೆಯ ಭರತ ಇವತ್ತಿಗಿಂತ ಸುಮಾರು 50 ನಿಮಿಷ ತಡ. ಕುದ್ರಿನ ಫಜೀತಿಗಳಲ್ಲಿ ಮುಕ್ಕಾಲುವಾಸಿ ಈ 50 ನಿಮಿಷ ಮರೆತವರವು.

ಲೆಕ್ಕಕ್ಕೆ ಪಂಚಾಂಗವೊಂದಿದ್ದರೆ ಸಾಕು. ಹುಣ್ಣಿಮೆ, ಅಮಾವಾಸ್ಯೆಗಳಂದು ಭರತ ತುಂಬುವುದು ಹೆಚ್ಚುಕಡಿಮೆ ನಡುಹಗಲಿಗೆ, ಮತ್ತೆ ನಡುರಾತ್ರಿಗೆ. ಅಲ್ಲಿಂದ ತಿಥಿಗೆ ಮುಕ್ಕಾಲು ತಾಸಿನಂತೆ ಕೂಡಿಸುತ್ತ ಹೋಗಿ. ಪಂಚಮಿಗೆ ಭರತ ಸಂಜೆಯ ಕಡೆಗೆ ಜಾರಿರುತ್ತದೆ. ಅಂದರೆ ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ದಡದಲ್ಲಿ ನೀರಿಲ್ಲ. ಪುರೋಹಿತರು ಅದೇ ಪಂಚಾಂಗ ನೋಡಿ ಹತ್ತೂವರೆಗೆ ಮುಹೂರ್ತ ಇಟ್ಟಿರುತ್ತಾರೆ. ದಿಬ್ಬಣ ಹೊತ್ತ ದೋಣಿ ದಡಕ್ಕೆ ಇಪ್ಪತ್ತಡಿ ಇರುವಾಗಲೇ ಕುಳಿತುಬಿಡುತ್ತದೆ. "ಹ್ವಾಯ್, ನೀರಿಲ್ಲ ಕಾಣಿ" ಎಂದು ದೋಣಿಯವನು ಗಣೆ ಊರಿ ನಿಲ್ಲುತ್ತಾನೆ. ದಶಮಿಯ ಮದುವೆಯಾದರೆ ಬರುವಾಗ ಸುಖ. ಉಂಡು, ತಾಂಬೂಲದ ಚೀಲ ಹಿಡಿದು ಹೊರಡುವಾಗ ಅದೇ ಕೆಸರು. ಗುರುಬಲ, ತಾರಾಬಲ ನೋಡುವವರು ನೀರಿನ ಬಲವನ್ನೂ ಒಂದು ಸಾಲು ಬರೆದುಕೊಡಬಾರದೇ?

ಕೆಸರು ದಾಟಲೂ ಕ್ರಮವಿದೆ. ಸಿಕ್ಕಿಬಿದ್ದ ಕಾಲನ್ನು ನೇರ ಮೇಲಕ್ಕೆ ಎಳೆದರೆ ಅಡಿಯಲ್ಲಿ ಗಾಳಿ ಹೋಗದೆ ಕೆಸರು ಇನ್ನಷ್ಟು ಬಿಗಿಯುತ್ತದೆ. ಕಾಲು ಬರುತ್ತದೆ, ಚಪ್ಪಲಿ ಕುದ್ರಿಗೆ ಉಡುಗೊರೆ. ಮೊದಲು ಹಿಮ್ಮಡಿ ತಿರುಚಿ ಗಾಳಿ ಬಿಡಬೇಕು, ಆಮೇಲೆ ಎತ್ತಬೇಕು. ಚಪ್ಪಲಿ ಕಂಕುಳಲ್ಲಿರುವುದೇ ಕ್ಷೇಮ. ಆದರೆ ಕಲ್ಲು ಸಿಕ್ಕ ಕೂಡಲೇ ಮೆಟ್ಟಿಕೊಳ್ಳಿ. ಕಲ್ಲಿಗಂಟಿದ ಸಿಂಪಿಯ ಅಂಚು ಬ್ಲೇಡಿನಷ್ಟೇ ನಿಷ್ಪಕ್ಷಪಾತಿ, ಬೀಗರೆಂದು ಬಿಡುವುದಿಲ್ಲ.

ಏಪ್ರಿಲ್ ಕಳೆಯುತ್ತಲೇ ಅವಾಂತರ ಬಾವಿಗೆ ಇಳಿಯುತ್ತದೆ. ಕುದ್ರಿನ ಅಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ, ಹಾಲಿನ ಮೇಲಿನ ಕೆನೆಯ ಹಾಗೆ. ಸಿಹಿನೀರಿನ ಮಟ್ಟ ಒಂದಡಿ ಇಳಿದರೆ ಕೆಳಗಿನ ಉಪ್ಪು 40 ಅಡಿಯವರೆಗೂ ಮೇಲೇರಬಹುದು ಎಂಬುದು ಅಂತರ್ಜಲ ಬಲ್ಲವರ ಲೆಕ್ಕ. ರಜೆಗೆ ಬೆಂಗಳೂರಿನಿಂದ ಬಂದ ನೆಂಟರು ಪಂಪು ಹಾಕಿ ಮನಸಾರೆ ಮಿಂದರೆ ಫಲ ಸಂಜೆಯ ಚಹಾದಲ್ಲಿ. ಸೋಪು ನೊರೆ ಬಿಡುವುದಿಲ್ಲ, ಬೇಳೆ ಎಷ್ಟು ಹೊತ್ತು ಕುದಿಸಿದರೂ ಕಾಳಾಗಿಯೇ ಉಳಿಯುತ್ತದೆ, ಮಜ್ಜಿಗೆಗೆ ಮಾತ್ರ ಉಪ್ಪು ಹಾಕುವ ಕೆಲಸ ಉಳಿತಾಯ. ಉಪಾಯ ಹಳೆಯದೇ: ಪಂಪು ಬಂದ್ ಮಾಡಿ ಹಗ್ಗ ಕೊಡ ಹಿಡಿಯುವುದು, ಕೊಡವನ್ನು ತಳಕ್ಕೆ ಮುಳುಗಿಸದೆ ಮೇಲ್ಮೈಯಲ್ಲೇ ಓರೆ ಮಾಡಿ ತುಂಬಿಸುವುದು, ಒಂದೇ ಸಲ ಹತ್ತು ಕೊಡದ ಬದಲು ಬೆಳಿಗ್ಗೆ ಐದು, ಸಂಜೆ ಐದು. ಒಮ್ಮೆ ಕೆಟ್ಟ ಬಾವಿ ಸರಿಯಾಗಬೇಕಾದರೆ ಮಳೆಯೇ ಬರಬೇಕು.

ಮಳೆಗೆ ಮೊದಲು ಒಣಮೀನಿನ ಪರೀಕ್ಷೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಸಾಡಿಯ, ಅಂದರೆ ಆಷಾಢದ, ಊಟಕ್ಕೆ ಡಬ್ಬಿಯಲ್ಲಿ ಒಣ ಚಟ್ಲಿ (ಸಿಗಡಿ) ಇದ್ದವನೇ ಭಾಗ್ಯವಂತ. ಅಂಗೈಯಲ್ಲಿ ಉಜ್ಜಿದಾಗ ಮೀಸೆ ಪಟಪಟ ಮುರಿಯಬೇಕು. ಬಾಗಿದರೆ ಇನ್ನೂ ಒಂದು ದಿನದ ಬಿಸಿಲು ಬಾಕಿ. ಒಣಗಿದ್ದನ್ನೂ ಬಿಸಿಬಿಸಿಯಾಗಿ ತುಂಬಿ ಮುಚ್ಚಳ ಹಾಕಿದರೆ ಡಬ್ಬಿ ಒಳಗೇ ಬೆವರಿ ಬೂಸಲು ಹಿಡಿಯುತ್ತದೆ. ತಣಿಯುವವರೆಗೆ ಬೆಕ್ಕನ್ನು ಕಾಯುವವರು ಬೇಕು, ಆ ಕೆಲಸಕ್ಕೆ ಮನೆಯಲ್ಲಿ ಯಾರೂ ಸಿಗುವುದಿಲ್ಲ.

ಇನ್ನು ಮಳೆಗಾಲ. ದೋಣಿಯಲ್ಲಿ ಕೊಡೆ ಬಿಡಿಸುವವರನ್ನು ಹೊಳೆ ಕ್ಷಮಿಸಿದರೂ ಜೊತೆಗೆ ಕೂತವರು ಕ್ಷಮಿಸುವುದಿಲ್ಲ. ಬಿಡಿಸಿದ ಕೊಡೆಯೆಂದರೆ ಹಾಯಿ. ಅಳಿವೆಯ ಗಾಳಿ ತುಂಬಿತೆಂದರೆ ದೋಣಿ ಒಂದು ಮಗ್ಗುಲಿಗೆ. ಎಲೆಯಿಂದ ಹೆಣೆದ ಗೊರಬೋ ಪ್ಲಾಸ್ಟಿಕ್ ಕೊಪ್ಪೆಯೋ ಹೊದ್ದು ಬಗ್ಗಿ ಕೂರುವುದು ಮೇಲು.

ದೋಣಿ ಕಟ್ಟುವುದಂತೂ ದೊಡ್ಡ ವಿದ್ಯೆ. ಇಳಿತದಲ್ಲಿ ಗಿಡ್ಡ ಹಗ್ಗದಿಂದ ಬಿಗಿದರೆ ಭರತ ಬಂದಾಗ ಮೂತಿ ಮೇಲೇಳಲಾಗದೆ ದೋಣಿ ನೀರು ಕುಡಿಯುತ್ತದೆ. ಭರತದಲ್ಲಿ ಬಿಗಿದರೆ ಬೆಳಗಾಗುವಾಗ ಗೂಟಕ್ಕೆ ನೇಣು ಹಾಕಿಕೊಂಡಂತೆ ನೇತಾಡುತ್ತಿರುತ್ತದೆ. ಹಾಗಾಗಿ ಗಂಟು ಬಿಗಿಯದೆ, ಹಗ್ಗವನ್ನು ಸಡಿಲ ಬಳೆ ಮಾಡಿ ಗೂಟಕ್ಕೆ ತೊಡಿಸುತ್ತಾರೆ. ನೀರು ಏರಿಳಿದಂತೆ ಬಳೆಯೂ ಏರಿಳಿಯುತ್ತದೆ. ಗೂಟ ಮಾತ್ರ ಹುಣ್ಣಿಮೆಯ ಭರತಕ್ಕಿಂತ ಎರಡು ಮೊಳ ಎತ್ತರವಿರಬೇಕು. ಇಲ್ಲದಿದ್ದರೆ ಬಳೆ ಕಳಚಿ, ಯಜಮಾನನಿಗೆ ಹೇಳದೆ ದೋಣಿ ಗಂಗೊಳ್ಳಿಗೆ ಹೊರಡುತ್ತದೆ.

ಘಟ್ಟದ ಮೇಲೆ ಮಳೆ ಸುರಿದು, ಅತ್ತ ಹುಣ್ಣಿಮೆಯ ಭರತವೂ ಕೂಡಿದರೆ ನೆರೆ ಇಳಿಯಲು ದಾರಿಯಿಲ್ಲ, ಪಂಚಾಂಗದ ಲೆಕ್ಕವೂ ನೀರುಪಾಲು. ಆಗ ದೋಣಿಯವನು ದೋಣಿ ಹತ್ತಿಳಿಯುವ ಕಡವಿನ ಮೆಟ್ಟಿಲು ಎಣಿಸುತ್ತಾನೆ. ಮೇಲಿನ ಮೂರು ಕಂಡರೆ ದೋಣಿ ಬಿಡುತ್ತಾನೆ. ಎರಡೇ ಕಂಡರೆ ಬೀಡಿ ಹಚ್ಚುತ್ತಾನೆ, ಬೆಂಕಿಪೆಟ್ಟಿಗೆ ಒಣಗಿದ್ದರೆ.