ಮೊಟ್ಟೆಯನ್ನು ತಣ್ಣೀರಲ್ಲಿಟ್ಟು ಒಲೆ ಹಚ್ಚಬೇಡಿ

ನನ್ನ ಮಗಳು ಚಿಕ್ಕವಳಿದ್ದಾಗ ಬೇಯಿಸಿದ ಮೊಟ್ಟೆಯ ಬಿಳಿ ಭಾಗ ಮಾತ್ರ ತಿನ್ನುತ್ತಿದ್ದಳು. ಹಳದಿಯನ್ನು ತಟ್ಟೆಯ ಅಂಚಿಗೆ ತಳ್ಳಿಬಿಡುತ್ತಿದ್ದಳು. "ವಾಸನೆ ಬರುತ್ತಮ್ಮಾ" ಅನ್ನುತ್ತಿದ್ದಳು. ಹಟ ಮಾಡುತ್ತಿದ್ದಾಳೆ ಅಂದುಕೊಂಡು ನಾನು ಗದರಿದ್ದೂ ಇದೆ. ಅವಳು ಹೇಳಿದ್ದೇ ನಿಜ ಅಂತ ಗೊತ್ತಾಗಲು ನನಗೆ ಸುಮಾರು ವರ್ಷಗಳೇ ಬೇಕಾದವು. ತಪ್ಪು ಮಗುವಿನದ್ದಲ್ಲ, ಮೊಟ್ಟೆಯದ್ದೂ ಅಲ್ಲ. ನಾನು ಬೇಯಿಸುತ್ತಿದ್ದ ರೀತಿಯದ್ದು.

ನಾನು ಮಾಡುತ್ತಿದ್ದದ್ದು ಇಷ್ಟೇ. ಪಾತ್ರೆಗೆ ಮೊಟ್ಟೆ ಹಾಕುವುದು, ನಲ್ಲಿ ನೀರು ತುಂಬುವುದು, ಒಲೆ ಹಚ್ಚಿ ಬೇರೆ ಕೆಲಸಕ್ಕೆ ಹೋಗುವುದು. ನೆನಪಾದಾಗ ಬಂದು ಆರಿಸುವುದು. ಆಮೇಲೆ ಅದೇ ಬಿಸಿ ನೀರಲ್ಲಿ ಬಿಟ್ಟು, ಊಟದ ಹೊತ್ತಿಗೆ ಸುಲಿಯುವುದು. ಒಳಗೆ ನೋಡಿದರೆ ಹಳದಿಯ ಸುತ್ತ ಬೂದು ಹಸಿರಿನ ಒಂದು ಉಂಗುರ. ಮೊಟ್ಟೆ ಅಂದರೆ ಹಾಗೇ ಇರುತ್ತದೆ ಅಂತ ನಂಬಿದ್ದೆ. ನಿಮ್ಮಲ್ಲೂ ಅನೇಕರು ಹಾಗೇ ನಂಬಿರಬಹುದು, ಅಲ್ವಾ?

ಆ ಉಂಗುರಕ್ಕೆ ಕಾರಣ ಇದೆ. ಬಿಳಿ ಭಾಗದ ಪ್ರೋಟೀನಿನಲ್ಲಿ ಗಂಧಕ ಇರುತ್ತದೆ. ಬಿಸಿ ಜಾಸ್ತಿ ಹೊತ್ತು ತಾಗಿದರೆ ಅದರಿಂದ ಹೈಡ್ರೋಜನ್ ಸಲ್ಫೈಡ್ ಅನ್ನುವ ಅನಿಲ ಹುಟ್ಟುತ್ತದೆ. ಕೊಳೆತ ಮೊಟ್ಟೆ ನಾರುವುದೂ ಇದೇ ಅನಿಲದಿಂದ. ಹಳದಿಯಲ್ಲಿ ಕಬ್ಬಿಣದ ಅಂಶ ಇದೆ. ಎರಡೂ ಸೇರುವ ಗಡಿಯಲ್ಲಿ ಕಬ್ಬಿಣದ ಸಲ್ಫೈಡ್ ಆಗಿ ಹಸಿರು ಬಣ್ಣ ಕಾಣುತ್ತದೆ. ತಿಂದರೆ ಏನೂ ಆಗುವುದಿಲ್ಲ, ಹೆದರಬೇಡಿ. ಆದರೆ ಮಗುವಿನ ಮೂಗು ಹಿಡಿದದ್ದು ಆ ಗಂಧಕದ ವಾಸನೆಯನ್ನೇ.

ಮೊಟ್ಟೆ ಬೇಯಲು ಅಷ್ಟೊಂದು ಬಿಸಿ ಬೇಕಾಗಿಯೇ ಇಲ್ಲ. ಬಿಳಿ ಭಾಗ 62 ಡಿಗ್ರಿ ಸೆಲ್ಸಿಯಸ್ ಹತ್ತಿರ ಗಟ್ಟಿಯಾಗಲು ಶುರುವಾಗುತ್ತದೆ. ಅದರಲ್ಲಿ ಹೆಚ್ಚಾಗಿರುವ ಪ್ರೋಟೀನು ಪೂರ್ತಿ ಗಟ್ಟಿಯಾಗಲು 80 ಡಿಗ್ರಿ ಸಾಕು. ಹಳದಿಗೆ 70 ಡಿಗ್ರಿ ಆದರೆ ಆಯಿತು. ಕುದಿಯುವ ನೀರು 100 ಡಿಗ್ರಿ. ಅಂದರೆ ಬೆಂದ ಮೇಲೂ ನೀರಲ್ಲಿಟ್ಟ ಪ್ರತಿ ನಿಮಿಷಕ್ಕೂ ಬಿಳಿ ಭಾಗ ರಬ್ಬರಿನ ಹಾಗೆ ಆಗುತ್ತಾ ಹೋಗುತ್ತದೆ, ಹಳದಿ ಪುಡಿಪುಡಿಯಾಗುತ್ತದೆ. ಹಾಗಾಗಿ ನಿಮಿಷ ಎಣಿಸಲೇಬೇಕು.

ನನ್ನ ತಕರಾರು ಇರುವುದು ತಣ್ಣೀರಿನ ಮೇಲೆ. ತಣ್ಣೀರಲ್ಲಿಟ್ಟು ಒಲೆ ಹಚ್ಚಿದರೆ ನಿಮಿಷವನ್ನು ಎಲ್ಲಿಂದ ಎಣಿಸುತ್ತೀರಿ? ಎರಡು ಮೊಟ್ಟೆಯ ಚಿಕ್ಕ ಪಾತ್ರೆ ಬೇಗ ಕುದಿಯುತ್ತದೆ. ಹತ್ತು ಮೊಟ್ಟೆಯ ದೊಡ್ಡ ಪಾತ್ರೆಗೆ ಎರಡು ಮೂರು ಪಟ್ಟು ಹೊತ್ತು ಬೇಕು. ಉರಿ ಹೆಚ್ಚು ಕಡಿಮೆ ಆದರೆ ಲೆಕ್ಕ ಮತ್ತೆ ತಪ್ಪುತ್ತದೆ. ಕುದಿ ಬರುವ ಮೊದಲೇ ಮೊಟ್ಟೆ ಎಷ್ಟು ಬೆಂದಿದೆ ಅಂತ ಯಾರಿಗೂ ಹೇಳಲು ಆಗುವುದಿಲ್ಲ. ಮೊದಲು ನೀರು ಕುದಿಸಿ, ಆಮೇಲೆ ಮೊಟ್ಟೆ ಇಳಿಸಿದರೆ ಈ ಗೊಂದಲವೇ ಇಲ್ಲ.

ಇನ್ನೊಂದು ಕಾರಣ ಸಿಪ್ಪೆ. ನನಗೆ ಇದೇ ದೊಡ್ಡದು. ಸಿಪ್ಪೆಯ ಒಳಗೆ ತೆಳ್ಳಗಿನ ಪೊರೆ ಇರುತ್ತದೆ. ಮೊಟ್ಟೆ ನಿಧಾನವಾಗಿ ಬಿಸಿಯಾದರೆ ಬಿಳಿ ಭಾಗ ಆ ಪೊರೆಗೆ ಅಂಟಿಕೊಂಡೇ ಗಟ್ಟಿಯಾಗುತ್ತದೆ. ಒಮ್ಮೆಲೇ ಬಿಸಿ ತಾಗಿದರೆ ಬಿಳಿ ಭಾಗದ ಹೊರಗಿನ ಪದರ ಥಟ್ಟನೆ ಗಟ್ಟಿಯಾಗಿ, ಪೊರೆಗೆ ಅಷ್ಟಾಗಿ ಅಂಟುವುದಿಲ್ಲ. ಸಿಪ್ಪೆ ದೊಡ್ಡ ದೊಡ್ಡ ಚೂರಾಗಿ ಎದ್ದು ಬರುತ್ತದೆ. ಸುಲಿಯುವಾಗ ಅರ್ಧ ಬಿಳಿ ಭಾಗ ಸಿಪ್ಪೆಯ ಜೊತೆಗೇ ಹೋಗುವ ಸಂಕಟ ಅನುಭವಿಸಿದವರಿಗೆ ಇದರ ಬೆಲೆ ಗೊತ್ತು.

ತೀರಾ ತಾಜಾ ಮೊಟ್ಟೆ ಆದರೆ ಸುಲಿಯುವುದು ಇನ್ನೂ ಕಷ್ಟ. ಮೊಟ್ಟೆಯ ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ದಿನ ಕಳೆದಂತೆ ಒಳಗಿನ ಇಂಗಾಲದ ಡೈಆಕ್ಸೈಡ್ ಅವುಗಳ ಮೂಲಕ ಹೊರಗೆ ಹೋಗುತ್ತದೆ. ಆಗ ಬಿಳಿ ಭಾಗ ಹೆಚ್ಚು ಕ್ಷಾರೀಯವಾಗಿ ಪೊರೆಗೆ ಅಂಟುವುದು ಕಡಿಮೆಯಾಗುತ್ತದೆ. ಹಾಗಾಗಿ ಆಮ್ಲೆಟ್ಟಿಗೆ ತಾಜಾ ಮೊಟ್ಟೆ ಇರಲಿ, ಬೇಯಿಸಲು ಫ್ರಿಜ್ಜಿನಲ್ಲಿ ಒಂದು ವಾರ ಇದ್ದದ್ದನ್ನು ತೆಗೆದುಕೊಳ್ಳಿ.

ಈಗ ನಾನು ಮಾಡುವ ಕ್ರಮ ಹೇಳುತ್ತೇನೆ. ಮೊಟ್ಟೆಗಳು ಮುಳುಗಿ ಮೇಲೆ ಎರಡು ಬೆರಳು ನಿಲ್ಲುವಷ್ಟು ನೀರನ್ನು ಚೆನ್ನಾಗಿ ಕುದಿಸುತ್ತೇನೆ. ಉರಿ ತಗ್ಗಿಸಿ, ಒಂದೊಂದೇ ಮೊಟ್ಟೆಯನ್ನು ಸೌಟಿನಲ್ಲಿಟ್ಟು ಮೆಲ್ಲಗೆ ಇಳಿಸುತ್ತೇನೆ. ನೀರು ಸಣ್ಣಗೆ ಕುದಿಯುತ್ತಿದ್ದರೆ ಸಾಕು. ಮೊಬೈಲಿನಲ್ಲಿ 11 ನಿಮಿಷಕ್ಕೆ ಅಲಾರಂ. ಫ್ರಿಜ್ಜಿನಿಂದ ನೇರ ತೆಗೆದದ್ದಾದರೆ, ಅಥವಾ ಮೊಟ್ಟೆ ದೊಡ್ಡದಾದರೆ 12. ಎತ್ತರದ ಜಾಗದಲ್ಲಿರುವವರು ಇನ್ನೂ ಒಂದೆರಡು ನಿಮಿಷ ಸೇರಿಸಬೇಕು. ಸುಮಾರು 300 ಮೀಟರ್ ಮೇಲೆ ಹೋದಂತೆ ನೀರು ಒಂದು ಡಿಗ್ರಿ ಕಡಿಮೆಯಲ್ಲೇ ಕುದಿಯುತ್ತದೆ.

ಅಲಾರಂ ಹೊಡೆದ ಕೂಡಲೇ ಮೊಟ್ಟೆಗಳನ್ನು ತೆಗೆದು ಐಸ್ ಹಾಕಿದ ನೀರಿಗೆ ಹಾಕಿ. ದಯವಿಟ್ಟು ಇದನ್ನು ಬಿಡಬೇಡಿ. ಒಲೆ ಆರಿಸಿದರೂ ಮೊಟ್ಟೆಯೊಳಗಿನ ಬಿಸಿ ಹಳದಿಯನ್ನು ಬೇಯಿಸುತ್ತಲೇ ಇರುತ್ತದೆ. ನಿಧಾನವಾಗಿ ಆರಿದ ಮೊಟ್ಟೆಯಲ್ಲೂ ಹಸಿರು ಉಂಗುರ ಬರುವುದು ಇದಕ್ಕೇ. ಐಸ್ ಇಲ್ಲದಿದ್ದರೆ ತಣ್ಣೀರನ್ನು ಎರಡು ಮೂರು ಸಲ ಬದಲಿಸಿ. ಹತ್ತು ನಿಮಿಷ ಬಿಟ್ಟು, ದಪ್ಪ ತುದಿಯನ್ನು ಕುಟ್ಟಿ ಅಲ್ಲಿಂದ ಸುಲಿಯಿರಿ. ಅಲ್ಲಿ ಗಾಳಿಯ ಜಾಗ ಇರುತ್ತದೆ, ಬೆರಳಿಗೆ ಪೊರೆ ಸುಲಭವಾಗಿ ಸಿಗುತ್ತದೆ.

"ಕುದಿಯುವ ನೀರಿಗೆ ಹಾಕಿದರೆ ಒಡೆಯಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಅಪರೂಪಕ್ಕೆ ಒಂದು ಬಿರುಕು ಬಿಡುತ್ತದೆ, ನಿಜ. ನನ್ನ ಅನುಭವದಲ್ಲಿ ಹೆಚ್ಚಾಗಿ ಒಡೆಯುವುದು ಮೇಲಿನಿಂದ ಟಪ್ ಅಂತ ಹಾಕಿದಾಗ, ಇಲ್ಲವೇ ಜೋರು ಕುದಿಯಲ್ಲಿ ಒಂದಕ್ಕೊಂದು ಬಡಿದಾಗ. ನೀರಿಗೆ ಸ್ವಲ್ಪ ವಿನೆಗರ್ ಹಾಕಿದ್ದರೆ ಸೋರಿದ ಬಿಳಿ ಅಲ್ಲೇ ಬೇಗ ಗಟ್ಟಿಯಾಗಿ ಬಿರುಕನ್ನು ಮುಚ್ಚುತ್ತದೆ. ಇದಕ್ಕೆ ಹೆದರಿ ತಣ್ಣೀರಿಗೆ ವಾಪಸ್ ಹೋಗಬೇಡಿ.

ಕುಕ್ಕರಿನಲ್ಲಿ ಬೇಯಿಸಿದರೂ ಸಿಪ್ಪೆ ಚೆನ್ನಾಗಿ ಬರುತ್ತದೆ. ನನಗೆ ವಿಸಿಲ್ ಲೆಕ್ಕದ ಮೇಲೆ ನಂಬಿಕೆ ಇಲ್ಲ, ಅಷ್ಟೇ. ಮೈಕ್ರೋವೇವಿನಲ್ಲಿ ಮಾತ್ರ ಸಿಪ್ಪೆ ಸಮೇತ ಮೊಟ್ಟೆ ಇಡಲೇಬೇಡಿ. ಒಳಗೆ ಒತ್ತಡ ಹೆಚ್ಚಿ ಸಿಡಿಯುತ್ತದೆ. ಕೆಲವೊಮ್ಮೆ ಹೊರಗೆ ತೆಗೆದ ಮೇಲೆ, ಕೈಯಲ್ಲಿ ಮುಟ್ಟಿದಾಗ ಸಿಡಿಯುತ್ತದೆ.

ಬೆಂದ ಮೊಟ್ಟೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬಾರದು. ಸಿಪ್ಪೆಯೊಂದಿಗೆ ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ ಇರುತ್ತದೆ. ಹಸಿಯದ್ದರ ಜೊತೆ ಬೆರೆತುಹೋದರೆ ಮೇಜಿನ ಮೇಲೆ ತಿರುಗಿಸಿ ನೋಡಿ. ಬೆಂದದ್ದು ಬುಗುರಿಯಂತೆ ತಿರುಗುತ್ತದೆ, ಹಸಿಯದ್ದು ತೂರಾಡಿ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಅದರ ಅಗತ್ಯವೂ ಬೀಳುವುದಿಲ್ಲ. ಬೆಂದದ್ದರ ಮೇಲೆ ಮಗಳು ಪೆನ್ಸಿಲ್‌ನಿಂದ ದಿನಾಂಕ ಬರೆದಿಡುತ್ತಾಳೆ. ಹಳದಿಯನ್ನು ಈಗ ಅವಳೇ ಮೊದಲು ತಿನ್ನುತ್ತಾಳೆ.