ಅಷ್ಟೊಂದು ಕಷ್ಟವಾಗಿದೆಯೇನೋ?

ಕಳೆದ ಶನಿವಾರ ಮಧ್ಯಾಹ್ನ ಮನೆಗೆ ವಿಡಿಯೋ ಕಾಲ್ ಮಾಡಿದ್ದೆ. ಅಲ್ಲಿ ರಾತ್ರಿ ಊಟ ಮುಗಿದ ಹೊತ್ತು. ಎರಡು ಸಲ ಸೋಪು ಹಾಕಿ ಕೈ ತೊಳೆದಿದ್ದರೂ ಉಗುರಿನ ಸಂದಿಯಲ್ಲಿ ಕಪ್ಪು ಹಾಗೇ ಉಳಿದಿತ್ತು. ಅಮ್ಮನ ಕಣ್ಣಿಗೆ ಮೊದಲು ಬಿದ್ದದ್ದು ಅದೇ. "ಏನೋ ಅದು ಕೈಯಲ್ಲಿ?" ಅಂದರು. ಕಾರಿನ ಬ್ರೇಕ್ ಪ್ಯಾಡ್ ನಾನೇ ಬದಲಾಯಿಸಿದೆ ಅಂದೆ. ಫೋನ್ ಅಪ್ಪನ ಕೈಗೆ ಹೋಯಿತು. ಅಪ್ಪ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ದನಿ ತಗ್ಗಿಸಿ ಕೇಳಿದರು: "ಯಾಕೋ, ಅಷ್ಟೊಂದು ಕಷ್ಟವಾಗಿದೆಯೇನೋ? ಕೆಲಸ ಇದೆ ತಾನೇ?"

ಪ್ರೀತಿಯಿಂದಲೇ ಕೇಳಿದ್ದು, ಗೊತ್ತು. ಆದರೂ ಚುಚ್ಚಿತು. ಬೆಳಗ್ಗೆಯಿಂದ ಮಾಡಿದ ಕೆಲಸದ ಬಗ್ಗೆ ನನಗೆ ತುಂಬಾ ಖುಷಿ ಇತ್ತು. ಅದನ್ನು ಹೇಳಿಕೊಳ್ಳಬೇಕು ಅಂತಲೇ ಫೋನ್ ಮಾಡಿದ್ದೆ. ನಮ್ಮವರ ಕಣ್ಣಿಗೆ ಅದು ಕಾಣಲೇ ಇಲ್ಲ. ಕಂಡದ್ದು ಕಷ್ಟ.

ನಾನಿರುವುದು ಅಮೆರಿಕದ ಓಹಾಯೋದಲ್ಲಿ. ಚಳಿಗಾಲದಲ್ಲಿ ರಸ್ತೆಗೆಲ್ಲ ಉಪ್ಪು ಸುರಿಯುವ ಊರು. ಕಾರಿನ ಕೆಳಭಾಗಕ್ಕೆ ಬೇಗ ತುಕ್ಕು ಹಿಡಿಯುತ್ತದೆ. ಎರಡು ವಾರದಿಂದ ಬ್ರೇಕ್ ಒತ್ತಿದಾಗಲೆಲ್ಲ ಮುಂದಿನ ಚಕ್ರದಿಂದ ಕೀಚ್ ಅನ್ನುವ ಸದ್ದು ಬರುತ್ತಿತ್ತು. ಎಷ್ಟೋ ಪ್ಯಾಡ್‌ಗಳಲ್ಲಿ ಬೇಕಂತಲೇ ಒಂದು ಸಣ್ಣ ತಗಡಿನ ನಾಲಿಗೆ ಇಟ್ಟಿರುತ್ತಾರೆ. ಪ್ಯಾಡ್ ಸವೆದಾಗ ಆ ನಾಲಿಗೆ ಡಿಸ್ಕಿಗೆ ತಾಗಿ ಹಾಗೆ ಕಿರುಚುತ್ತದೆ. ಬದಲಾಯಿಸು ಅಂತ ಅದು ಹೇಳುವ ರೀತಿ. ಅದನ್ನೂ ಕೇಳದೆ ಓಡಿಸಿದರೆ ಮುಂದೆ ಪ್ಯಾಡಿನ ಹಿಂದಿರುವ ಕಬ್ಬಿಣವೇ ಡಿಸ್ಕನ್ನು ಕೆರೆಯುತ್ತದೆ.

ಹತ್ತಿರದ ಒಂದು ಗ್ಯಾರೇಜಿಗೆ ತೆಗೆದುಕೊಂಡು ಹೋದೆ. ಅರ್ಧ ಗಂಟೆ ಕೂರಿಸಿ ಒಂದು ಚೀಟಿ ಕೊಟ್ಟರು. ಮುಂದಿನ ಎರಡು ಚಕ್ರಕ್ಕೆ ಮಾತ್ರ. ಪ್ಯಾಡ್ ಸೆಟ್ 98 ಡಾಲರ್. ರೋಟರ್ ಒಂದಕ್ಕೆ 97ರಂತೆ ಎರಡಕ್ಕೆ 194. ನಾವು ಡಿಸ್ಕ್ ಅನ್ನುವುದನ್ನೇ ಇಲ್ಲಿ ರೋಟರ್ ಅನ್ನುತ್ತಾರೆ. ಕೂಲಿ 226. ಗ್ಯಾರೇಜಿನ ಚಿಲ್ಲರೆ ಸಾಮಾನು ಅಂತ 30. ತೆರಿಗೆ ಬಿಟ್ಟು ಒಟ್ಟು 548 ಡಾಲರ್. ಹಳೇ ಪ್ಯಾಡ್ ಎಷ್ಟು ಉಳಿದಿದೆ, ಒಂದು ಸಲ ತೋರಿಸ್ತೀರಾ ಅಂತ ಕೇಳಿದೆ. ಗಿರಾಕಿಗಳು ಒಳಗೆ ಬರುವ ಹಾಗಿಲ್ಲ, ವಿಮೆಯ ನಿಯಮ ಅಂದರು. ಗಾಜಿನ ಆಚೆ ನನ್ನ ಕಾರು ಲಿಫ್ಟ್ ಮೇಲೆ ನಿಂತಿತ್ತು. ಬೇಡ ಅಂತ ಹೇಳಿ ಕಾರು ವಾಪಸ್ ತಂದೆ.

ಪಕ್ಕದ ಮನೆಯವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಶಾಲೆಯಲ್ಲಿ ಇತಿಹಾಸದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಅವರಿಗೆ ಚೀಟಿ ತೋರಿಸಿದೆ. "ಶನಿವಾರ ಬೆಳಗ್ಗೆ ಎಂಟಕ್ಕೆ ಬಾ. ನಾನು ಮಾಡಿಕೊಡಲ್ಲ. ನೀನು ಮಾಡು, ನಾನು ನಿಂತು ನೋಡ್ತೀನಿ" ಅಂದರು.

ಅದೇ ಪ್ಯಾಡು, ರೋಟರು ಬಿಡಿಭಾಗದ ಅಂಗಡಿಯಲ್ಲಿ ಎಷ್ಟು ಗೊತ್ತಾ? ಪ್ಯಾಡ್ 46. ರೋಟರ್ ಎರಡಕ್ಕೆ 104. ಬ್ರೇಕ್ ಕ್ಲೀನರ್ ಸ್ಪ್ರೇ ಮತ್ತು ಗ್ರೀಸ್ 14. ಅಲ್ಲಿಗೆ 164 ಡಾಲರ್. ನನ್ನ ಹತ್ತಿರ ಸಾಮಾನು ಏನೂ ಇರಲಿಲ್ಲವಾದ್ದರಿಂದ ಜಾಕ್, ಎರಡು ಸ್ಟ್ಯಾಂಡ್, ಟಾರ್ಕ್ ವ್ರೆಂಚ್, ಸಾಕೆಟ್ ಸೆಟ್ ಎಲ್ಲ ಸೇರಿ ಇನ್ನೊಂದು 205 ಆಯಿತು. ಒಟ್ಟು 369. ಮೊದಲ ಸಲವೇ 179 ಡಾಲರ್ ಉಳಿಯಿತು. ಜಾಕು, ವ್ರೆಂಚು ಮನೆಯಲ್ಲೇ ಇರುತ್ತವೆ. ಇದೇ ಲೆಕ್ಕದಲ್ಲಿ ಮುಂದಿನ ಸಲ 384 ಉಳಿಯುತ್ತದೆ. ಬ್ರೇಕ್ ಹಾಕಿದಾಗ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗಕ್ಕೆ ಕ್ಯಾಲಿಪರ್ ಅನ್ನುತ್ತಾರೆ. ಅದರ ಒಳಗಿನ ಪಿಸ್ಟನ್ ಹಿಂದಕ್ಕೆ ಒತ್ತುವ ಸಾಧನವನ್ನು ಕೊಳ್ಳಲೇ ಇಲ್ಲ. ಆಟೋಝೋನ್‌ನಂಥ ಅಂಗಡಿಗಳಲ್ಲಿ ಠೇವಣಿ ಇಟ್ಟು ಒಯ್ಯಬಹುದು. ವಾಪಸ್ ಕೊಟ್ಟರೆ ಠೇವಣಿ ಪೂರ್ತಿ ಕೈಗೆ ಬರುತ್ತದೆ.

ಕೆಲಸ ಸುಲಭ ಅಂತ ಹೇಳಲ್ಲ. ಆದರೆ ಅರ್ಥವಾಗದಂಥದ್ದು ಒಂದೂ ಇರಲಿಲ್ಲ. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ, ಆಮೇಲೆ ಜಾಕ್ ಏರಿಸಬೇಕು. ಜಾಕನ್ನು ಮಾತ್ರ ನಂಬಿ ಕೈ ಒಳಗೆ ಹಾಕಬಾರದು, ಸ್ಟ್ಯಾಂಡ್ ಮೇಲೆ ಕೂರಿಸಲೇಬೇಕು. ಮೇಷ್ಟ್ರು ಇದನ್ನು ಮೂರು ಸಲ ಹೇಳಿದರು. ಕ್ಯಾಲಿಪರ್ ಬಿಚ್ಚಿದ ಮೇಲೆ ಅದನ್ನು ಬ್ರೇಕಿನ ಹೋಸ್ ಮೇಲೆ ಜೋತುಬಿಡಬಾರದು, ತಂತಿಯಿಂದ ಸ್ಪ್ರಿಂಗಿಗೆ ಕಟ್ಟಬೇಕು. ಪ್ಯಾಡಿನ ಧೂಳನ್ನು ಬಾಯಿಂದ ಊದಬಾರದು. ಸ್ಪ್ರೇ ಹೊಡೆದು ತೊಳೆಯಬೇಕು.

ರೋಟರನ್ನು ಹಬ್‌ಗೆ, ಅಂದರೆ ಚಕ್ರ ಕೂರುವ ನಡುಭಾಗಕ್ಕೆ, ಹಿಡಿದಿಡುವ ಎರಡು ಸಣ್ಣ ಸ್ಕ್ರೂಗಳೇ ಒಂದೂವರೆ ಗಂಟೆ ತಿಂದವು. ಉಪ್ಪು ಕುಡಿದು ಕುಡಿದು ಅವು ಅಲ್ಲೇ ಬೆಸೆದುಕೊಂಡಿದ್ದವು. ಮಾಮೂಲಿ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತಲೆ ಸವೆದು ಹೋಗುತ್ತಿತ್ತು. ಮೇಷ್ಟ್ರ ಹತ್ತಿರ ಸುತ್ತಿಗೆಯಿಂದ ಹೊಡೆದರೆ ತಾನೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಇತ್ತು. ಏಳೆಂಟು ಏಟಿಗೆ ಮೊದಲ ಸ್ಕ್ರೂ ಸಡಿಲವಾಯಿತು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಹೊಸ ಪ್ಯಾಡಿಗೆ ಜಾಗ ಮಾಡಲು ಪಿಸ್ಟನ್ ಹಿಂದಕ್ಕೆ ಒತ್ತುವಾಗ ಬಾನೆಟ್ ಕೆಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೇರುತ್ತದೆ. ಅದು ತುಂಬಿ ಚೆಲ್ಲಿದರೆ ಕಾರಿನ ಬಣ್ಣವನ್ನೇ ತಿಂದುಬಿಡುತ್ತದೆ. ಅದಕ್ಕೇ ಒಂದು ಕಣ್ಣು ಅಲ್ಲೇ ಇರಬೇಕು. ಕೊನೆಗೆ ಚಕ್ರದ ನಟ್ಟುಗಳನ್ನು ಎದುರುಬದುರಾಗಿ ಬಿಗಿಯಬೇಕು. ಎಷ್ಟು ಬಿಗಿ ಅಂತ ಟಾರ್ಕ್ ವ್ರೆಂಚ್ ತೋರಿಸುತ್ತದೆ, ನನ್ನ ಕಾರಿಗೆ 80 ಫುಟ್-ಪೌಂಡ್. ಆಮೇಲೆ ಬಹಳ ಮುಖ್ಯವಾದದ್ದು: ಕಾರು ಒಂದಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವ ತನಕ ಒತ್ತುತ್ತಿರಬೇಕು. ಇಲ್ಲದಿದ್ದರೆ ಮೊದಲ ಒತ್ತಿಗೆ ಕಾಲು ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಹಿಂದೆ ಮುಂದೆ ಯಾರೂ ಇಲ್ಲದ ರಸ್ತೆಯಲ್ಲಿ ಐವತ್ತು ಕಿಲೋಮೀಟರ್ ವೇಗದಿಂದ ಹತ್ತು ಸಲ ನಿಧಾನವಾಗಿ ಬ್ರೇಕ್ ಹಾಕಿ ಹೊಸ ಪ್ಯಾಡನ್ನು ರೋಟರಿಗೆ ಹೊಂದಿಸಿದೆ. ಸದ್ದಿಲ್ಲ. ನಡುಕವಿಲ್ಲ. ಆ ಕ್ಷಣದ ಸಮಾಧಾನವನ್ನು 548 ಡಾಲರ್ ಕೊಟ್ಟಿದ್ದರೆ ನನಗೆ ಯಾರೂ ಮಾರುತ್ತಿರಲಿಲ್ಲ.

ಈಗ ಅಪ್ಪನ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ನಮ್ಮ ಬೀದಿಯಲ್ಲಿ ಒಬ್ಬರು ಹಲ್ಲಿನ ಡಾಕ್ಟರ್. ಭಾನುವಾರ ಅವರ ಕಾಲು ಮಾತ್ರ ಕಾರಿನ ಕೆಳಗಿಂದ ಕಾಣುತ್ತಿರುತ್ತದೆ. ಅವರಿಗೆ ಕಷ್ಟ ಬಂದಿದೆ ಅಂತ ಯಾರೂ ಅಂದುಕೊಳ್ಳುವುದಿಲ್ಲ. ನಿಂತು ಏನು ಕೆಟ್ಟಿದೆ ಅಂತ ಕೇಳುತ್ತಾರೆ. ಬೇಕಿದ್ದರೆ ನಟ್ಟು ಬಿಚ್ಚುವ ಪಾನ ಎತ್ತಿಕೊಡುತ್ತಾರೆ. ನಮ್ಮಲ್ಲಿ ಹಾಗಲ್ಲ. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನು. ಘರ್ಷಣೆಯ ಲೆಕ್ಕ ಪರೀಕ್ಷೆಯಲ್ಲಿ ಬರೆದು ನಂಬರ್ ತೆಗೆದವನು. ಆದರೂ ಊರಲ್ಲಿದ್ದ ಅಷ್ಟೂ ವರ್ಷ ಸ್ಕೂಟರಿನ ಪಂಕ್ಚರ್ ಕೂಡ ಸ್ವಂತ ಹಾಕಿರಲಿಲ್ಲ. ಹಾಕಲು ಹೋದಾಗಲೆಲ್ಲ ಮನೆಯಲ್ಲಿ ಒಂದೇ ಮಾತು: "ಓದಿದ ಹುಡುಗ ನೀನ್ಯಾಕೆ ಅದೆಲ್ಲ ಮುಟ್ತೀಯ, ಅದಕ್ಕೇ ಅಂತ ಜನ ಇದ್ದಾರಲ್ಲ."

ಅದಕ್ಕೇ ಅಂತ ಜನ ಇದ್ದಾರೆ. ನಾನು ಬೆಳೆಯುತ್ತಾ ಬೆಳೆಯುತ್ತಾ ಈ ಮಾತು ನನಗೆ ತುಂಬಾ ಕಸಿವಿಸಿ ತಂದಿದೆ. ಆಯುಧ ಪೂಜೆಯ ದಿನ ಪಾನ, ಸುತ್ತಿಗೆ, ಇಕ್ಕಳ ಎಲ್ಲಕ್ಕೂ ಕುಂಕುಮ ಇಟ್ಟು ಕೈ ಮುಗಿಯುವವರು ನಾವು. ಮಾರನೇ ದಿನ ಅದನ್ನು ಹಿಡಿಯುವ ಕೈಗೆ ಮನೆಯಲ್ಲಿ ಬೇರೆ ಲೋಟ. ಪೂಜೆ ಸುಳ್ಳು ಅಂತಲ್ಲ. ನನಗೂ ಆ ದಿನ ಅಂದರೆ ಪ್ರೀತಿ, ಇಲ್ಲಿ ಮನೆಯ ಗ್ಯಾರೇಜಿನಲ್ಲೂ ಮಾಡುತ್ತೇನೆ. ಆದರೆ ಕೈ ಮುಗಿದ ಮೇಲೆ ಅದನ್ನೇ ಹಿಡಿಯಲು ನಾಚಿಕೆ ಯಾಕೆ ಅಂತ ಕೇಳಬೇಕಲ್ವಾ?

ಇಲ್ಲಿ ಸ್ವಂತ ರಿಪೇರಿಗೆ ಕಾನೂನಿನ ಬೆಂಬಲವೂ ಇದೆ. 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆ ಇರುವುದರಿಂದ, ನೀವೇ ರಿಪೇರಿ ಮಾಡಿಕೊಂಡಿರಿ ಅಂತಲೋ ಬೇರೆ ಕಂಪನಿಯ ಪ್ಯಾಡ್ ಹಾಕಿದಿರಿ ಅಂತಲೋ ಅಷ್ಟಕ್ಕೇ ಕಾರಿನ ವಾರಂಟಿ ರದ್ದು ಮಾಡುವ ಹಾಗಿಲ್ಲ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2012ರಲ್ಲಿ ಕಾರಿನ ರಿಪೇರಿ ಹಕ್ಕನ್ನು, ಅಂದರೆ ರಿಪೇರಿಗೆ ಬೇಕಾದ ಮಾಹಿತಿಯನ್ನು ಕಂಪನಿಗಳು ಕೊಡಬೇಕು ಅನ್ನುವ ಕಾನೂನನ್ನು, ಜನರೇ ಮತ ಹಾಕಿ ಗೆಲ್ಲಿಸಿದರು. ಎಷ್ಟೋ ಊರುಗಳ ಸಾರ್ವಜನಿಕ ಗ್ರಂಥಾಲಯದಲ್ಲಿ ಕಾರ್ಡ್ ಇದ್ದರೆ ಕಾರಿನ ರಿಪೇರಿ ಕೈಪಿಡಿ ಪುಕ್ಕಟೆ ಓದಲು ಸಿಗುತ್ತದೆ. ನಾನು ಓದಿಕೊಂಡದ್ದೂ ಹಾಗೇ.

ಇಷ್ಟೆಲ್ಲ ಹೇಳಿದ ಮೇಲೆ ಒಂದೆರಡು ಮಾತು ಒಪ್ಪಿಕೊಳ್ಳಬೇಕು. ಆ ಗ್ಯಾರೇಜಿನವರು ನನಗೆ ಮೋಸ ಮಾಡಲು ಹೊರಟಿರಲಿಲ್ಲ. ಇಲ್ಲಿ ಗಂಟೆಗೆ ನೂರೈವತ್ತು ಡಾಲರ್ ಕೂಲಿ ಅಂದರೆ ಅದು ಪೂರ್ತಿ ಮೆಕ್ಯಾನಿಕ್ ಜೇಬಿಗೆ ಹೋಗುವುದಿಲ್ಲ. ಬಾಡಿಗೆ, ಲಿಫ್ಟು, ವಿಮೆ ಎಲ್ಲ ಅದರಿಂದಲೇ ಆಗಬೇಕು. ಕೆಲಸ ಕೆಟ್ಟರೆ ಜವಾಬ್ದಾರಿ ಅವರದು. ನಾನು ಕೆಡಿಸಿದರೆ ನನ್ನದೇ, ಹಿಂದಿನ ಸೀಟಿನಲ್ಲಿ ಮಗಳು ಬೇರೆ ಇರುತ್ತಾಳೆ. ಅವರಿಗೆ ಒಂದೂವರೆ ಗಂಟೆಯ ಕೆಲಸ ನನಗೆ ನಾಲ್ಕೂವರೆ ಗಂಟೆ ಹಿಡಿಯಿತು. ನನ್ನ ಆ ಹೊತ್ತಿಗೆ ಬೆಲೆ ಕಟ್ಟಿದರೆ ಮೊದಲ ಸಲದ ಉಳಿತಾಯ ಹೆಚ್ಚೇನೂ ಉಳಿಯುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗಂತೂ ಪಾರ್ಕಿಂಗಿನಲ್ಲಿ ರಿಪೇರಿ ಮಾಡಬಾರದು ಅಂತ ಕರಾರಿನಲ್ಲೇ ಬರೆದಿರುವುದು ಮಾಮೂಲು.

ಹೆಂಡತಿಯ ಕಾರಿನ ಹಿಂದಿನ ಬ್ರೇಕನ್ನು ನಾನು ಮುಟ್ಟಲಿಲ್ಲ. ಅದರಲ್ಲಿ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದೆ. ಅದನ್ನು ಮೊದಲು ರಿಪೇರಿಗೆಂದೇ ಇರುವ ಸರ್ವಿಸ್ ಮೋಡ್‌ಗೆ ಹಾಕದೆ ಪಿಸ್ಟನ್ ಒತ್ತಿದರೆ ಒಳಗಿನ ಮೋಟರ್ ಹಾಳಾಗಬಹುದು. ಅದಕ್ಕೆ ದುಡ್ಡು ಕೊಟ್ಟು ಮಾಡಿಸಿದೆ. ಬ್ರೇಕ್ ಆಯಿಲ್ ಸೋರುತ್ತಿದ್ದರೆ, ಪೆಡಲ್ ಮೆತ್ತಗಾಗಿದ್ದರೆ ಆಗಲೂ ಮಾಡಿಸುವೆ.

ಇನ್ನೊಂದು ಮಾತು ಹೇಳಲು ಸ್ವಲ್ಪ ಕಷ್ಟವೇ ಆಗುತ್ತದೆ. ಊರಿನ ಮೆಕ್ಯಾನಿಕ್ ಗಾಜಿನ ಆಚೆ ನಿಲ್ಲಿಸುವುದಿಲ್ಲ. ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡಲು ಬಿಡುತ್ತಾನೆ. ಸವೆದದ್ದನ್ನು ಕೈಗೆ ಕೊಡುತ್ತಾನೆ. ಡಿಸ್ಕಿನಲ್ಲಿ ದಪ್ಪ ಉಳಿದಿದ್ದರೆ ಲೇತಿಗೆ ಕಳಿಸಿ ಸಾಪು ಮಾಡಿಸುತ್ತಾನೆ, ಹೊಸದು ಹಾಕಿಸಿಕೊಳ್ಳಿ ಅನ್ನುವುದಿಲ್ಲ. ಇಲ್ಲಿನ ಗ್ಯಾರೇಜಿನವರು ಆ ಮಾತೇ ಎತ್ತಲಿಲ್ಲ. ನನ್ನ ಹಳೇ ರೋಟರುಗಳಲ್ಲಿ ಇನ್ನೂ ದಪ್ಪ ಇತ್ತು. ಅವನ್ನು ಗುಜರಿಗೆ ಹಾಕುವಾಗ ಮನಸ್ಸು ಒಪ್ಪಲಿಲ್ಲ.

ಮತ್ತೆ ಆ ಫೋನಿಗೆ ಬರುತ್ತೇನೆ. ಕೆಲಸ ಇದೆ, ದುಡ್ಡಿಗೆ ತೊಂದರೆ ಇಲ್ಲ, ಇಷ್ಟಪಟ್ಟು ಮಾಡಿದೆ ಅಂತ ಅಪ್ಪನಿಗೆ ಹೇಳಿದೆ. ಅವರು ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಹಳೇ ಪ್ಯಾಡ್ ಇಟ್ಟಿದ್ದೀಯಾ? ತೋರಿಸು" ಅಂದರು. ಮನೆಯ ಗ್ಯಾರೇಜಿಗೆ ಹೋಗಿ ಒಂದು ಚಕ್ರದ ಒಳಗಿನ, ಹೊರಗಿನ ಪ್ಯಾಡ್ ಎರಡನ್ನೂ ತಂದು ಕ್ಯಾಮೆರಾ ಮುಂದೆ ಹಿಡಿದೆ. ಒಂದರಲ್ಲಿ ನಾಲ್ಕು ಮಿಲಿಮೀಟರ್ ಉಳಿದಿತ್ತು, ಇನ್ನೊಂದರಲ್ಲಿ ಎರಡು.

ಅಪ್ಪ ಕನ್ನಡಕ ಹಾಕಿಕೊಂಡು ಫೋನನ್ನು ಹತ್ತಿರ ತಂದುಕೊಂಡರು. "ಒಳಗಿನದು ಜಾಸ್ತಿ ಸವೆದಿದೆಯಲ್ಲೋ. ಕ್ಯಾಲಿಪರ್ ಜಾರೋ ಪಿನ್ ನೋಡಿದ್ಯಾ? ಒಣಗಿ ಹಿಡಿದುಕೊಂಡಿರುತ್ತೆ ಅದು."

ಅವರು ಯಾವತ್ತೂ ಪಾನ ಹಿಡಿದವರಲ್ಲ. ಆದರೆ ನಮ್ಮ ಕಾರು ಗ್ಯಾರೇಜಿಗೆ ಹೋದಾಗಲೆಲ್ಲ ಮೆಕ್ಯಾನಿಕ್ ಪಕ್ಕದಲ್ಲಿ ಬೆಳಗ್ಗೆಯಿಂದ ಸಂಜೆ ತನಕ ನಿಂತಿರುತ್ತಿದ್ದರು. ಪಿನ್ ನಿಜಕ್ಕೂ ಒಣಗಿತ್ತು ಅಂದೆ. ಉಜ್ಜಿ ತೊಳೆದು ಹೊಸ ಗ್ರೀಸ್ ಹಾಕಿದೆ ಅಂದೆ. "ಯಾವ ಗ್ರೀಸ್ ಹಾಕಿದೆ?" ಅಂತ ಕೇಳಿದರು. ಸಿಲಿಕಾನ್ ಅಂದೆ. "ಹ್ಞೂಂ, ಅದೇ ಸರಿ. ಮಾಮೂಲಿ ಗ್ರೀಸ್ ಹಾಕಿದ್ರೆ ರಬ್ಬರ್ ಉಬ್ಬಿಬಿಡುತ್ತೆ. ಆ ಕಡೆ ಚಕ್ರದ್ದು ನೋಡಿದ್ಯಾ?"

ಅವತ್ತು ಇಬ್ಬರೂ ಮುಕ್ಕಾಲು ಗಂಟೆ ಮಾತಾಡಿದೆವು.