ರೆನಾಲ್ಡ್ಸ್ ಬರೆದ ಮುಖಗಳು ಬಿಳಿಚಿಕೊಂಡದ್ದೇಕೆ?

ಹದಿನೆಂಟನೇ ಶತಮಾನದ ಇಂಗ್ಲಿಷ್ ಭಾವಚಿತ್ರಕಾರ ಜೋಶುವಾ ರೆನಾಲ್ಡ್ಸ್ ಬರೆದ ಎಷ್ಟೋ ಹೆಂಗಸರು ಕಾಯಿಲೆಯಿಂದ ಎದ್ದು ಕೂತವರ ಹಾಗೆ ಕಾಣುತ್ತಾರಲ್ಲ, ಅದನ್ನು ಆ ಕಾಲದ ಸೌಂದರ್ಯದ ಕಲ್ಪನೆ ಅಂತ ಕೆಲವರು ವಿವರಿಸುತ್ತಾರೆ. ಅಲ್ಲ ಸ್ವಾಮಿ. ಬರೆದಾಗ ಎಷ್ಟೋ ಕೆನ್ನೆಗಳು ಕೆಂಪಗೇ ಇದ್ದವು. ಬಣ್ಣ ಹಾರಿಹೋಗಿದೆ, ಅಷ್ಟೆ.

ಆತ ಮೆಚ್ಚಿದ್ದು ಕಾರ್ಮೈನ್. ಕೊಚಿನೀಲ್ ಹುಳುವಿನ ಕೆಂಪನ್ನು ಪಟಿಕ ಸೇರಿಸಿ ಪುಡಿಯಾಗಿಸಿದ ಬಣ್ಣ. ತೆಳ್ಳಗೆ ಬಳಿದರೆ ಚರ್ಮದಡಿಯಿಂದ ರಕ್ತ ಹೊಳೆದಂತಿರುತ್ತದೆ. ತೆಳ್ಳಗಾದಷ್ಟೂ ಬೆಳಕಿಗೆ ಬೇಗ ಮಾಸುತ್ತದೆ. ಬಾಳಿಕೆ ಬರುವ ಇಂಗಳೀಕದ ಕೆಂಪು ಬಳಸಿ ಎಂದವರಿಗೆ ತನ್ನ ಕೈಯನ್ನೇ ನೋಡಿಕೊಂಡು, ಚರ್ಮದಲ್ಲಿ ಇಂಗಳೀಕ ಎಲ್ಲಿದೆ ಎಂದನಂತೆ.

1723ರಲ್ಲಿ ಡೆವನ್ನಿನ ಪ್ಲಿಂಪ್ಟನ್‌ನಲ್ಲಿ ಹುಟ್ಟಿದವನು. 1740ರಲ್ಲಿ ಲಂಡನ್ನಿನ ಭಾವಚಿತ್ರಕಾರ ಥಾಮಸ್ ಹಡ್ಸನ್ ಬಳಿ ಶಿಷ್ಯನಾಗಿ ಸೇರಿ, ಅವಧಿ ಮುಗಿಯುವ ಮೊದಲೇ ಹೊರಬಿದ್ದ. ಇಟಲಿಯಲ್ಲಿ ಹಳೆಯ ವರ್ಣಚಿತ್ರಗಳ ಹೊಳಪಿಗೆ ಮರುಳಾದ, ಅದರ ಹಿಂದಿನ ಕಸುಬು ಮಾತ್ರ ಕೈಗೆ ಸಿಗಲಿಲ್ಲ. 1768ರಲ್ಲಿ ಲಂಡನ್ನಿನ ಕಲಾಸಂಸ್ಥೆ ರಾಯಲ್ ಅಕಾಡೆಮಿಯ ಮೊದಲ ಅಧ್ಯಕ್ಷ.

ಎಲ್ಲರೂ ಬಣ್ಣವನ್ನು ದೂರುತ್ತಾರೆ. ನನ್ನ ಪ್ರಕಾರ ಅರ್ಧ ತಪ್ಪು ಅವಸರದ್ದು. 1777ರಲ್ಲಿ ಅವನೇ ಬರೆದು ತಿಳಿಸಿದ ದರ ನೋಡಿ: ತಲೆಗೆ 35 ಗಿನಿ (ಆಗಿನ ಇಂಗ್ಲಿಷ್ ಚಿನ್ನದ ನಾಣ್ಯ), ಮೊಣಕಾಲಿನವರೆಗೆ 70, ಪೂರ್ತಿ ಆಳೆತ್ತರಕ್ಕೆ 150. ಮುಖಕ್ಕೆ ಒಂದೂವರೆ ಗಂಟೆಯಂತೆ ಮೂರು ಸಲ ಕೂತರೆ ಸಾಕು. ಬೇಕಿದ್ದರೆ ಒಂದೇ ದಿನದಲ್ಲೂ ಮುಗಿಸುತ್ತೇನೆ ಎಂದಿದ್ದ. ಚಿತ್ರದಲ್ಲಿನ ಬಟ್ಟೆಬರೆ ಬರೆದು ತುಂಬಲು ಪೀಟರ್ ಟಾಮ್ಸ್‌ನಂಥ ಸಹಾಯಕರಿದ್ದರು. ಇಂಥ ಅಂಗಡಿಯಲ್ಲಿ ಒಂದು ಪದರ ಒಣಗುವವರೆಗೆ ಕಾಯುವವರು ಯಾರು?

ಎಣ್ಣೆಬಣ್ಣಕ್ಕೆ ನಿಯಮ ಒಂದೇ: ಅಡಿಯ ಪದರ ಮೊದಲು ಒಣಗಬೇಕು, ಮೇಲಿನದರಲ್ಲಿ ಎಣ್ಣೆ ಹೆಚ್ಚಿರಬೇಕು. ಅಡಿಯದು ಹಸಿಯಿದ್ದು ಮೇಲಿನದು ಬಿಗಿದುಕೊಂಡರೆ ಕೆರೆಯಂಗಳದ ಮಣ್ಣಿನ ಹಾಗೆ ಬಾಯಿ ಬಿಡುತ್ತದೆ. ರೆನಾಲ್ಡ್ಸ್ ನೆರಳಿಗೆ ಡಾಂಬರಿನಂಥ ಬಿಟುಮೆನ್ ಕೂಡ ಬಳಸಿದ. ಅದು ಪೂರ್ತಿ ಒಣಗುವ ಜಾತಿಯದ್ದೇ ಅಲ್ಲ. ಅದಕ್ಕೇ ಕೆಲವು ಚಿತ್ರಗಳ ಕಪ್ಪು ಭಾಗದಲ್ಲಿ ಅಗಲವಾದ ಬಿರುಕು. ಮೇಣವನ್ನೂ ಬೆರೆಸಿದ್ದುಂಟು.

ಇನ್ನೊಂದು ಪೀಡೆ ಮೆಗಿಲ್ಪ್. ಮ್ಯಾಸ್ಟಿಕ್ ಎಂಬ ಮರದಂಟಿನ ವಾರ್ನಿಷ್ಷನ್ನು ಅಗಸೆ ಎಣ್ಣೆಗೆ ಬೆರೆಸಿದ, ಬಣ್ಣದಲ್ಲಿ ಕಲಸುವ ಲೋಳೆ. ಕುಂಚಕ್ಕೆ ಬೆಣ್ಣೆಯಂತೆ ಸುಲಭ, ವರ್ಷಗಳಾದ ಮೇಲೆ ಹಳದಿ. ಹಳೆಯ ವಾರ್ನಿಷ್ ತೆಗೆಯುವ ದ್ರಾವಕಕ್ಕೆ ಬಣ್ಣದೊಳಗಿನ ಈ ಅಂಟೂ ಕರಗುತ್ತದೆ. ಮೇಲಿನ ಕೊಳೆಯ ಜೊತೆ ರೆನಾಲ್ಡ್ಸ್ ಕೊನೆಯಲ್ಲಿ ತೆಳ್ಳಗೆ ಬಳಿದದ್ದೂ ಒರೆಸುವ ಹತ್ತಿಗೆ ಬಂದುಬಿಡಬಹುದು. ಹಿಂದಿನ ಕಾಲದ ಧಾರಾಳ ಸ್ವಚ್ಛತೆಯಲ್ಲಿ ಇದು ಆಗಿಯೂ ಇದೆ. ಅದಕ್ಕೇ ಈಗಿನ ಸಂರಕ್ಷಕರು ಮೂಲೆಯಲ್ಲಿ ಉಗುರಿನಷ್ಟು ಜಾಗ ಪರೀಕ್ಷಿಸದೆ ಮುಂದೆ ಹೋಗುವುದಿಲ್ಲ. ಎಷ್ಟೋ ಸಲ ಹಳದಿಯನ್ನು ಹಾಗೇ ಬಿಟ್ಟುಬಿಡುತ್ತಾರೆ.